ಗಿಣ್ಣು

ಬೆಳಗಿನ ಐದಕ್ಕೆ, ಕಾಗಿಣಾ ದಂಡೆಯ ಈ ಹೊಲದಲ್ಲಿ
ನನ್ನ ಕೆಲಸ ಉದುರಿದ ಹೂ ಎಣಿಸುವುದು.
ಇಲಾಖೆ ಕೊಟ್ಟ ಉದ್ದ ರಜಿಸ್ಟರು, ದಾರ ಕಟ್ಟಿದ ಪೆನ್ಸಿಲ್ಲು,
ಹದಿನೆಂಟು ಸಾಲು ಟೊಮ್ಯಾಟೊ.
ಕೆಂಪು ಉಲನ್ ಕಟ್ಟಿದ್ದು ಔಷಧ ಹೊಡೆದ ಗೊಂಚಲು,
ಬಿಳಿ ಕಟ್ಟಿದ್ದು ಬರೀ ನೀರಿನದು.

ಹೂವಾದರೂ ಏನು,
ಮೂಗುಬಟ್ಟಿಗಿಂತ ತುಸು ದೊಡ್ಡದು, ಹಳದಿ.
ತಲೆ ಬಗ್ಗಿಸಿಕೊಂಡೇ ಅರಳುತ್ತದೆ,
ಮೊದಲೇ ಬೈಸಿಕೊಂಡ ಹಾಗೆ.

ನಲವತ್ಮೂರು ಡಿಗ್ರಿಯ ಹಗಲನ್ನು ಗಿಡ
ಎಲೆ ಸುರುಳಿ ಸುತ್ತಿ, ಉಸಿರು ಬಿಗಿಹಿಡಿದು
ಹೇಗೋ ದಾಟಿಸುತ್ತದೆ.
ಕೆಡಿಸುವುದು ರಾತ್ರಿ.
ಶಹಾಬಾದಿನ ಹಾಸುಗಲ್ಲು ಹಗಲು ಕುಡಿದದ್ದನ್ನು
ಹನ್ನೆರಡು ಹೊಡೆಯುವ ತನಕ ಬೆನ್ನಿಗೆ ವಾಪಸು ಕೊಡುತ್ತದಲ್ಲ,
ಮಾಳಗಿ ಮೇಲೆ ನಾವು ಮಗ್ಗುಲು ಬದಲಿಸುತ್ತೇವಲ್ಲ,
ಆ ಹೊತ್ತಿಗೆ, ಇನ್ನೂ ವಾರದಾಚೆ ಅರಳಬೇಕಾದ
ಮುಚ್ಚಿದ ಮೊಗ್ಗಿನೊಳಗೆ
ಪರಾಗ ಜೊಳ್ಳಾಗುತ್ತಿರುತ್ತದೆ.
ಸದ್ದಿಲ್ಲ. ಯಾರೂ ಎದ್ದು ಕೂರುವುದಿಲ್ಲ.

ತೊಟ್ಟಿನ ನಡುವೆ ಒಂದು ಗಿಣ್ಣಿದೆ, ಬೆರಳಿಗಿದ್ದಂತೆಯೇ.
ನಾಲ್ಕು ವರ್ಷ ಓದಿಯೂ ನಾನು ಕಂಡಿರಲಿಲ್ಲ,
ತೋರಿಸಿದ್ದು ಕೂಲಿಗೆ ಬರುವ ಖಾಸಿಂಬಿ.
"ಇಲ್ಲೇ ನೋಡ್ರಿ ಮೇಡಂ, ಇಲ್ಲೇ ಕಳಚ್ತದ.
ಬ್ಯಾರೆ ಕಡಿ ಒಟ್ಟ ಮುರಿಯಂಗಿಲ್ಲ."
ಕಾಲೇಜಿನಲ್ಲಿ ಇದು ಕರಿಹಲಗೆಯ ಮೇಲೊಂದು ಬಾಣದ ಗುರುತು:
ಹೂವು ಆಕ್ಸಿನ್ ಎಂಬ ರಸವನ್ನು
ಕೆಳಗೆ ಕಳಿಸುತ್ತಲೇ ಇರಬೇಕು.
ಬಂತು, ಬಂತು, ಬಂತು ಅಂತ
ಗಿಣ್ಣು ಬಿಗಿಯಾಗಿ ಹಿಡಿದಿರುತ್ತದೆ.
ಬರುವುದು ನಿಂತಿತೋ, ಎಥಿಲಿನ್ ಎಂಬ ಗಾಳಿ
ಒಳಗಿನಿಂದಲೇ ಚಿಲಕ ತೆಗೆಯುತ್ತದೆ.
ಗಿಡಕ್ಕೆ ಸಿಟ್ಟಿಲ್ಲ, ಸಂಕಟವೂ ಇಲ್ಲ.
ಸುದ್ದಿ ಬರಲಿಲ್ಲ, ಅಷ್ಟೇ.

ಇದನ್ನು ಖಾಸಿಂಬಿಗೆ ಹೇಳಲು ಹೋಗಿ ತಡವರಿಸಿದೆ.
ಆಕೆ ಕೇಳುತ್ತಲೇ ಸೆರಗಿನ ಗಂಟು ಬಿಚ್ಚಿ ಫೋನು ತೆಗೆದು
ಸೇಡಂನ ತಂಗಿಗೆ ಎರಡು ರಿಂಗು ಕೊಟ್ಟು ಕಟ್ ಮಾಡಿದಳು,
ದಿನಾ ಏಳಕ್ಕೆ ಮಾಡುವಂತೆ.
"ಎತ್ತಂಗಿಲ್ಲ ಆಕಿ. ಆಗ ಎತ್ತಿದ್ರ ರೊಕ್ಕ ಹೋಗ್ತಿತ್ತು.
ಈಗ ಫ್ರೀ ಅದ, ಆದ್ರೂ ಎತ್ತಂಗಿಲ್ಲ.
ಅದೀನಿ ಅಂತ ತಿಳೀತಲ್ಲ, ಸಾಕು."

ರಜಿಸ್ಟರಿನ ಅಂಚಿನಲ್ಲಿ ಬರೆದುಕೊಂಡೆ: ಎರಡು ರಿಂಗು.

ಇನ್ನು ಔಷಧದ ಮಾತು.
ಒಂದು ಡಬ್ಬಿ ನೀರಿಗೆ ಮುಚ್ಚಳದ ತಳ ಮುಳುಗುವಷ್ಟು,
ತುಸು ಹೆಚ್ಚಾದರೂ ಎಲೆ ಹಗ್ಗದಂತೆ ಹೊಸೆದುಕೊಳ್ಳುತ್ತದೆ.
ಅದೂ ಆಕ್ಸಿನ್ನೇ, ಕಾರ್ಖಾನೆಯದು,
ಹೂವಿನ ಹೆಸರಲ್ಲಿ ಬೇರೆ ಯಾರೋ ಒತ್ತಿದ ಹೆಬ್ಬೆಟ್ಟು.
ಗಿಣ್ಣು ನಂಬುತ್ತದೆ.
ಪರಾಗದ ಹಂಗಿಲ್ಲದೆ ಕಾಯಿ ಊದಿಕೊಳ್ಳುತ್ತದೆ.
ಕೆಂಪು ದಾರದ ಸಾಲು ಭಾರಕ್ಕೆ ಬಾಗಿತು,
ಸಾಹೇಬರು ಬಂದು ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡರು,
ಬಿಸಿಲಿಗೆ ಜೀಪಿನ ಬಾಗಿಲ ಹಿಡಿಕೆ ಮುಟ್ಟಲಾಗದೆ
ಕರವಸ್ತ್ರ ಸುತ್ತಿ ತೆಗೆದು ಹೊರಟುಹೋದರು.

ಅವತ್ತೇ ಮಧ್ಯಾಹ್ನ ಖಾಸಿಂಬಿ ಒಂದನ್ನು ಕುಡುಗೋಲಿಗೆ ಒತ್ತಿ ಸೀಳಿದಳು.
ಒಳಗೆ ನಾಲ್ಕು ಖೋಲಿ, ನಾಲ್ಕೂ ಖಾಲಿ.
ಬೀಜ ಇರಬೇಕಾದಲ್ಲಿ ಗಾಳಿ.
ನಾನು ಏನು ಹೇಳಲೆಂದು ನೋಡುತ್ತಿದ್ದೆ,
ಆಕೆ ಉಪ್ಪು ಹಚ್ಚಿ ತಿಂದೇಬಿಟ್ಟಳು.
"ಮನ್ಯಾಗ ಮಂದಿ ಇಲ್ಲ ಖರೆ,
ಗ್ವಾಡಿ ರುಚಿ ಅದ."

ಬಿಳಿ ದಾರದ ಸಾಲಿನಲ್ಲಿ ಆ ವಾರ ಉದುರಿದ್ದು ನೂರಾ ಹನ್ನೆರಡು.
ನಿಂತದ್ದು ಒಂದು,
ಬೇಲಿಗೆ ಹರವಿದ್ದ ಆಕೆಯ ಹಳೇ ಸೀರೆಯ ನೆರಳು ಬೀಳುವ ಕಡೆ,
ಗೋಲಿಯಷ್ಟು, ಒಂದು ಬದಿಗೆ ಸೊಟ್ಟ.
ಹಣ್ಣಾದ ಮೇಲೆ ಅಂಗೈಯಲ್ಲಿ ಹಿಂಡಿ ಎಣಿಸಿದೆವು:
ಹನ್ನೊಂದು ಬೀಜ.
ರಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.
ಖಾಸಿಂಬಿ ಒಲೆಯ ಬೂದಿಯಲ್ಲಿ ಹೊರಳಿಸಿ
ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಂಡಳು.
ಕೇಳಿದೆ. ನನಗೆ ಕೊಡಲಿಲ್ಲ.