ನಡಾವಳಿ

ಹಾಜರಿದ್ದವರು: ಪ್ರಾಂಶುಪಾಲರು, ವಾಣಿಜ್ಯ ವಿಭಾಗದ ಮುಖ್ಯಸ್ಥರು,
ಆಡಳಿತ ಮಂಡಳಿಯಿಂದ ಒಬ್ಬರು, ಕಾಲೇಜಿಗೆ ಗೇಟು ಹಾಕಿಸಿಕೊಟ್ಟವರು,
ದೈಹಿಕ ಶಿಕ್ಷಣದ ಬೋರಲಿಂಗಯ್ಯ ಮೇಷ್ಟ್ರು, ಈ ತಿಂಗಳೇ ನಿವೃತ್ತಿ.
ಬರೆದುಕೊಳ್ಳಲು ನಾನು,
ದ್ವಿತೀಯ ದರ್ಜೆ ಸಹಾಯಕ.

ಒಂದು ಕಾಲಕ್ಕೆ ನಾನೂ ಇದೇ ಕಾಲೇಜಿನ ಗೋಲ್‌ಕೀಪರ್ ಎಂಬುದು
ಯಾವ ಕಡತದಲ್ಲೂ ಇಲ್ಲ.

ಫುಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುದಾರರು ಬೇಕಾಗಿದ್ದಾರೆ.
ತಿಂಗಳಿಗೆ ಹದಿನಾಲ್ಕು ಸಾವಿರ, ವರ್ಷಕ್ಕೆ ಹತ್ತೇ ತಿಂಗಳು.
ವಿದ್ಯಾರ್ಹತೆಗೆ ನಲವತ್ತು ಅಂಕ, ಅನುಭವಕ್ಕೆ ಮೂವತ್ತು,
ಸಂದರ್ಶನಕ್ಕೆ ಇಪ್ಪತ್ತು, ವ್ಯಕ್ತಿತ್ವಕ್ಕೆ ಹತ್ತು.
ವ್ಯಕ್ತಿತ್ವ ಅಳೆಯೋದು ಹೇಗೆ ಅಂತ ಮೇಷ್ಟ್ರು ಕೇಳಿದರು.
ನೋಡಿದರೆ ಗೊತ್ತಾಗುತ್ತೆ ಬಿಡಿ, ಅಂದರು ಗೇಟಿನವರು.

ಮೊದಲು ಡಾಕ್ಟರ್ ಪ್ರಭುಲಿಂಗಸ್ವಾಮಿ,
ಮಂಡಿಚಿಪ್ಪಿನ ಮೇಲೆ ಮುನ್ನೂರು ಪುಟ ಬರೆದವರು.
ಲ್ಯಾಪ್‌ಟಾಪು ಬಿಚ್ಚಿ ಗೋಡೆಯ ಮೇಲೆ
ಹಸಿರು ಆಯತ ಮೂಡಿಸಿದರು. ಬಾಣಗಳು ಓಡಾಡಿದವು.
ಹನ್ನೊಂದು ಚುಕ್ಕಿಗಳು ಒಂದಕ್ಕೊಂದು ಪಾಸು ಕೊಟ್ಟುಕೊಂಡು
ಎಷ್ಟು ಶಿಸ್ತಾಗಿ ಗೋಲು ಹೊಡೆದವೆಂದರೆ
ಕಿಟಕಿಯಾಚೆ, ಆಲೂಗಡ್ಡೆ ಕಿತ್ತ ಹೊಲದಂಥ
ನಮ್ಮ ಮೈದಾನಕ್ಕೇ ನಾಚಿಕೆಯಾಗಿರಬೇಕು.
ವಿದ್ಯಾರ್ಹತೆ: ಮೂವತ್ತೊಂಬತ್ತು.

ಶೆಟ್ಟಿಹಳ್ಳಿಯ ಚೌರಪ್ಪ ಬಂದದ್ದು, ತಮ್ಮ ಬರುವುದಿಲ್ಲವೆಂದು ಹೇಳಲು.
ಕೂತು ಕಾಫಿ ಕುಡಿದು ಹೋದರು. ವ್ಯಕ್ತಿತ್ವಕ್ಕೆ
ಗೇಟಿನವರು ಆಗಲೇ ಏಳು ಹಾಕಿಬಿಟ್ಟಿದ್ದರು.

ಪೆನ್ಷನ್ ಮೊಹಲ್ಲಾದ ಅಮ್ಜದ್ ಪಾಷಾ,
ವೆಲ್ಡಿಂಗ್ ಅಂಗಡಿ, ಹುಬ್ಬಿನ ಮೇಲೆ ಕಿಡಿ ಹಾರಿದ ಕಲೆ.
ಹದಿನೆಂಟು ವರ್ಷದಿಂದ ಭಾನುವಾರ ಬೆಳಗ್ಗೆ ಹುಡುಗರಿಗೆ ಕಲಿಸುತ್ತಾರಂತೆ.
ಪ್ರಮಾಣಪತ್ರ?
ಇಲ್ಲ ಸಾರ್.
ಸಂಬಳದ ಚೀಟಿ?
ನಗು.
ಅನುಭವವನ್ನು ದೃಢೀಕರಿಸುವವರು ಯಾರಾದರೂ?
ಕಿಟಕಿಯಿಂದ ಕೂಗಿ ಸಾರ್. ಈಗ ಗ್ರೌಂಡಲ್ಲಿರೋರಲ್ಲಿ ಆರು ಜನ ನನ್ನೋರೇ.

ಯಾರೂ ಕೂಗಲಿಲ್ಲ. ಅನುಭವದ ಕಾಲಮ್ಮಿನಲ್ಲಿ ನಾನು ಬರೆದ ಸೊನ್ನೆ
ಗಾಳಿ ಇಳಿದ ಚೆಂಡಿನ ಹಾಗೆ
ಒಂದು ಕಡೆ ಚಪ್ಪಟೆಯಾಯಿತು.

ಎಲ್ಲರಿಗೂ ಕೇಳಲೆಂದು ಗೇಟಿನವರು ಮನೆಯಿಂದಲೇ ತಂದ ಪ್ರಶ್ನೆ:
ವಿರಾಮದ ಹೊತ್ತಿಗೆ ಐದು ಗೋಲು ತಿಂದಿದೀವಿ,
ಹುಡುಗರಿಗೆ ಏನು ಹೇಳ್ತೀರಿ?
ಡಾಕ್ಟರ್, ಎದೆಬಡಿತದ ದತ್ತಾಂಶ ನೋಡುವೆನೆಂದಿದ್ದರು.
ಅಮ್ಜದ್, ಏನೂ ಹೇಳಲ್ಲ ಸಾರ್,
ಕಿತ್ತಳೆ ಬಿಡಿಸಿ ಕೊಡ್ತೀನಿ. ಬಾಯಲ್ಲಿ ಏನಾದ್ರೂ ಇದ್ರೆ
ಅಳು ಬರಲ್ಲ.

ಮೈಸೂರಿನಲ್ಲಿ ನಾನು ತಿಂದದ್ದು ಏಳು.
ವಿರಾಮದಲ್ಲಿ ನಮ್ಮ ಕೋಚು ಬೀಡಿ ಹಚ್ಚಲು ಹೋದರು.
ನಾನು ನಲ್ಲಿಗೆ ಬಾಯಿಟ್ಟು ನಿಂತೆ, ಸೀಟಿ ಊದುವವರೆಗೂ,
ಬಾಯಾರಿಕೆಯಿಂದಲ್ಲ.
ಇದನ್ನೂ ಬರೆದುಕೊಳ್ಳಲಿಲ್ಲ.

ಕೊನೆಗೆ ದಾಕ್ಷಾಯಿಣಿ. ಅರಸೀಕೆರೆಯಿಂದ, ರೈಲು ತಡವಾಗಿ.
ರೈಲ್ವೆ ತಂಡದಲ್ಲಿ ಹನ್ನೆರಡು ವರ್ಷ ಎಡಗಡೆಯ ರಕ್ಷಣೆ.
ಮೈದಾನ ಅಡ್ಡ ಹಾಯ್ದು ಬಂದಿರಬೇಕು,
ಶೂ ತುದಿಗೆ ಗೆರೆಯ ಸುಣ್ಣ.
ಅದೇ ಪ್ರಶ್ನೆ.
ಐದು ಗೋಲಾಗೋವರೆಗೂ ನಾನು ಕೂತೇ ಇರ್ತೀನಾ ಸಾರ್?

ಪ್ರಾಂಶುಪಾಲರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
ಅಲ್ಲಮ್ಮಾ, ಹುಡುಗರ ತಂಡ. ಊರೂರು ತಿರುಗೋದು,
ಬಸ್ಸು, ರೂಮು, ಅದೂ ಇದೂ ತೊಂದರೆ.
ಯಾರಿಗೆ?
ಅಂದಳು.
ಫ್ಯಾನು ಮಾತ್ರ ಏನೋ ಗೊಣಗಿತು.

ನಿಮ್ಮದೇನಾದರೂ ಪ್ರಶ್ನೆ ಇದೆಯಾ, ಎಂದು
ವಾಡಿಕೆಯಂತೆ ಕೇಳಿ ಕಡತ ಮಡಚುತ್ತಿದ್ದರು.
ಇದೆ. ಈಗಿನ ಗೋಲ್‌ಕೀಪರ್ ಹೆಸರೇನು?

ಪ್ರಾಂಶುಪಾಲರು ವಾಣಿಜ್ಯದವರನ್ನು ನೋಡಿದರು,
ವಾಣಿಜ್ಯದವರು ಗೇಟಿನವರನ್ನು,
ಮೂವರೂ ಸೇರಿ ಮೇಷ್ಟ್ರನ್ನು.
ಮೇಷ್ಟ್ರು ಕನ್ನಡಕ ಒರೆಸತೊಡಗಿದರು.

ಗುಮಾಸ್ತ ಸಭೆಯಲ್ಲಿ ಮಾತಾಡಕೂಡದು.
ಹಾಲೇಶ, ಅಂದೆ.
ಬಿ.ಕಾಂ. ಎರಡನೇ ವರ್ಷ, ಆಲೂರಿನವನು, ಮೊದಲ ಬಸ್ಸಿಗೆ ಬರುತ್ತಾನೆ.
ಎಡಗೈ ಕಿರುಬೆರಳು ಸೊಟ್ಟ. ಎತ್ತರದ ಚೆಂಡಿಗೆ
ಕಣ್ಣು ಮುಚ್ಚುತ್ತಾನೆ. ಯಾರೂ ಅವನಿಗೆ ಹೇಳಿಲ್ಲ.

ಅವಳು ಆಗಲೇ ನನ್ನ ಕಡೆ ತಿರುಗಿ
ಸಂದರ್ಶನ ಪತ್ರದ ಹಿಂಬದಿಯಲ್ಲಿ ಬರೆದುಕೊಂಡಳು.
ನಾನೂ ಬರೆದೆ:

ಅಭ್ಯರ್ಥಿಯು ಒಂದು ಪ್ರಶ್ನೆ ಕೇಳಿದರು. ಉತ್ತರಿಸಲಾಯಿತು.
ತೀರ್ಮಾನವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.