ಎರಡು ಗಂಟೆಯ ಸಾಲು

ಕೊಣಾಜೆ ಗುಡ್ಡದ ಲ್ಯಾಬಿನಲ್ಲಿ ಎ.ಸಿ. ಇರುವುದು ನಮಗಲ್ಲ,
ಸರ್ವರಿಗೆ.
ಶಾಲು ಹೊದ್ದ ನಾವು ಹನ್ನೊಂದು ಜನ
ಅದರ ಮನೆಗೆ ಬಂದ ನೆಂಟರ ಹಾಗೆ
ಮೆಲ್ಲಗೆ ಮಾತಾಡುತ್ತೇವೆ.

ಹಿಲ್ಡಾ ಮೇಡಂ ಮೊದಲ ದಿನವೇ ಹೇಳಿದ್ದರು:
ಈ ಕೆಲಸದಲ್ಲಿ ಹೊಗಳಿಕೆ ಇಲ್ಲ, ಆಸೆ ಇದ್ದರೆ ಈಗಲೇ ಬಿಡಿ.
ಎಲ್ಲ ಸರಿ ಇದ್ದರೆ ನೀವಿದ್ದೀರೆಂದೇ ಯಾರಿಗೂ ಗೊತ್ತಾಗುವುದಿಲ್ಲ.
ಒಂದು ದಿನ ಕೆಟ್ಟಿತೋ,
ನಿಮ್ಮ ಹೆಸರು ವಿ.ಸಿ.ಗೂ ಬಾಯಿಪಾಠ.
ನಾನು ನಕ್ಕಿದ್ದೆ. ಶಮ್ನಾ ಬರೆದುಕೊಂಡಳು.
ಅವಳು ಎಲ್ಲವನ್ನೂ ಬರೆದುಕೊಳ್ಳುತ್ತಾಳೆ.

ಕಲಿತೆವು: ಯಾರು ಓದಬಹುದು, ಯಾರು ಬರೆಯಬಹುದು,
ಯಾರು ಜಗಲಿಯಲ್ಲೇ ನಿಲ್ಲಬೇಕು.
ರೂಟ್ ಆಗಿ ಒಳಹೊಕ್ಕವರನ್ನು
ಯಂತ್ರ ಯಾಕೆಂದು ಕೇಳುವುದಿಲ್ಲ;
ಅಳಿಸೆಂದರೆ ಅಳಿಸುತ್ತದೆ, ತನ್ನನ್ನೂ.
ಒಂದು ಮಧ್ಯಾಹ್ನ ಧೀರಜ್ ಬೆರಳು ಜಾರಿ
ಒಂದು ಸ್ಪೇಸ್ ಹೆಚ್ಚು ಒತ್ತಿದ,
ಇಡೀ ಬ್ಯಾಚಿನ ಕೆಲಸ ಒರೆಸಿ ಹೋಯಿತು.
ಬ್ಯಾಕಪ್ ಉಂಟಲ್ಲ ಮೇಡಂ, ಅಂದ.
ಉಂಟು ಅನ್ನಬೇಡ, ತಂದು ತೋರಿಸು, ಅಂದರು.
ಡಿಸ್ಕು ಇತ್ತು. ಡಿಸ್ಕಿನೊಳಗೆ ಎಂತದೂ ಇರಲಿಲ್ಲ.
ಮೂರು ತಿಂಗಳಿಂದ ನಾವು
ಖಾಲಿ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದೆವು.

ಆಮೇಲೆ ಲಾಗ್.
ಯಾರು ಬಂದರು, ಎಷ್ಟು ಹೊತ್ತಿಗೆ,
ಯಾವ ಬಾಗಿಲು ತಟ್ಟಿ ಸೋತು ಹೋದರು.
ನಾವು ಹಾಸ್ಟೆಲಿನಲ್ಲಿ ಗಂಜಿ ಉಣ್ಣುವಾಗ
ಯಾವುದೋ ದೇಶದ ಯಾರೋ
ನಮ್ಮ ಪಾಸ್‌ವರ್ಡನ್ನು ನಾಲ್ಕು ಸಾವಿರ ಸಲ ಊಹಿಸಿದ್ದರು.
ಒಂದೊಂದಕ್ಕೂ ಒಂದೊಂದು ಸಾಲು, ಸೆಕೆಂಡಿನ ಲೆಕ್ಕ ಸಮೇತ.

ಆ ಶನಿವಾರ ಮನೆಗೆ ಹೋದವಳು
ದಕ್ಕೆಯ ಐಸ್ ಪ್ಲಾಂಟಿಗೆ ಪಪ್ಪನ ಬುತ್ತಿ ಒಯ್ದೆ.
ಮೂವತ್ತೊಂದು ವರ್ಷದ ನೈಟ್ ಡ್ಯೂಟಿ.
ಕಂಪ್ರೆಸರಿನ ಸದ್ದಿಗೆ ಎಡಗಿವಿ ಹೋಗಿದೆ,
ಅಮೋನಿಯಾದ ವಾಸನೆ ಅಂಗಿಯಿಂದ ಹೋಗುವುದಿಲ್ಲ.
ಐಸ್ ಗಟ್ಟಿ ಇರುವಷ್ಟು ದಿನ
ಪಪ್ಪ ಯಾರೆಂದು ದಕ್ಕೆಯಲ್ಲಿ ಯಾರಿಗೂ ಬೇಡ.
ಕರಗಿದರೆ ಬೋಟಿನವರೆಲ್ಲ ಹೆಸರು ಹಿಡಿದು ಕೂಗುತ್ತಾರೆ,
ಮೊನ್ನೆಯ ಬಂಗುಡೆ ಕೆಟ್ಟದ್ದೂ ಅವರಿಂದಲೇ.

ಮೊಳೆಗೆ ತೂಗುತ್ತಿತ್ತು ರಿಜಿಸ್ಟರು.
ಗಂಟೆಗೊಂದು ಸಾಲು: ಒತ್ತಡ, ಉಪ್ಪುನೀರಿನ ಚಳಿ, ಸಹಿ.
ಚಿಕ್ಕಂದಿನಿಂದ ನೋಡಿದ್ದೆ. ಈಗ ಓದಲು ಬರುತ್ತದಲ್ಲ, ಓದಿದೆ.
ನಿನ್ನೆ ರಾತ್ರಿ ಹನ್ನೆರಡು, ಒಂದು, ಎರಡು, ಮೂರು, ನಾಲ್ಕು
ಒಂದೇ ಶಾಯಿ, ಒಂದೇ ಓರೆ, ಒಂದೇ ಉಸಿರು.
ಎರಡಕ್ಕೂ ಮೂರಕ್ಕೂ ನಡುವೆ
ಒಂದು ಗಂಟೆ ಕಳೆದೇ ಇರಲಿಲ್ಲ.

ಕೇಳಬೇಕೆಂದಿದ್ದೆ, ನಿದ್ದೆ ಬಂತಾ ಎಂದು.
ಬಲಗಿವಿಯ ಕಡೆಗೆ ಹೋಗಿ ಕೇಳಿದ್ದು:
ಸಾರಿಗೆ ಉಪ್ಪು ಸಾಕಾ?

ಕೇಳಲು ನಾನಾದರೂ ಯಾರು?
ನನ್ನ ಲ್ಯಾಬ್ ರೆಕಾರ್ಡಿನ ಏಳನೇ ಪ್ರಯೋಗ
ನಾನು ಮಾಡಿದ್ದೇ ಅಲ್ಲ. ಉತ್ತರ ಶಮ್ನಾಳದ್ದು,
ಮೊದಲ ಸಾಲಿನಲ್ಲಿ ಅವಳ ಹೆಸರೂ ಹಾಗೇ ಉಳಿದಿದೆ.
ಮೇಡಂ ಸಹಿ ಹಾಕಿದ್ದಾರೆ,
ನೋಡದೆಯೋ, ನೋಡಿಯೋ.

ಉಣ್ಣುತ್ತಿದ್ದ ಪಪ್ಪ ತಟ್ಟನೆ ಎದ್ದರು.
ನನ್ನ ಎರಡು ಕಿವಿಗೂ ಏನೂ ಕೇಳಿರಲಿಲ್ಲ.
ಎಂಜಲಾಗದ ಎಡಗೈಯನ್ನು ಯಂತ್ರದ ಮೈಮೇಲಿಟ್ಟು,
ಜ್ವರ ನೋಡುವವರ ಹಾಗೆ ನಿಂತು,
ಒಂದು ವಾಲ್ವನ್ನು ಕಾಲು ಸುತ್ತು ತಿರುಗಿಸಿ
ಬಂದು ಉಳಿದ ಅನ್ನ ಕಲಸಿದರು.
ರಿಜಿಸ್ಟರಿನಲ್ಲಿ ಬರೆಯಲಿಲ್ಲ.
ಆ ಕಾಲು ಸುತ್ತಿಗೆ ಅದರಲ್ಲಿ ಕಾಲಮ್ಮಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಗುಡ್ಡ ಹತ್ತಿದೆ.
ಏಳನೇ ಪ್ರಯೋಗವನ್ನು ಒಬ್ಬಳೇ ಕೂತು ಮಾಡಿದೆ.
ಬರಲಿಲ್ಲ. ಮತ್ತೆ ಮಾಡಿದೆ, ಬರಲಿಲ್ಲ.
ಬರಲಿಲ್ಲ ಎಂದೇ ಬರೆದೆ,
ಹೊತ್ತು ಸಮೇತ.