ಹದಿನೇಳನೇ ಪ್ರಶ್ನೆ

ನೂರಾ ಎಂಬತ್ತು ಪ್ರಶ್ನಾವಳಿ, ಎರಡು ಬಟ್ಟೆ ಚೀಲ.
ಕಲಾಸಿಪಾಳ್ಯದಲ್ಲಿ ಬಸ್ಸಿಳಿದು
ಹಾದಿಗೆ ಚೆಲ್ಲಿದ ಸೇವಂತಿಗೆ ತುಳಿಯದೆ ನಡೆದರೆ ಹತ್ತು ನಿಮಿಷ.
ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ತಡೆದ:
'ಏನಮ್ಮ, ಇನ್ಶೂರೆನ್ಸಾ?'
ಅಲ್ಲಪ್ಪ, ಪಿಎಚ್‌ಡಿ.
'ಅದಕ್ಕೂ ನಾಲ್ಕು ಗಂಟೆ ಮೇಲೇನೇ ವಿಸಿಟಿಂಗು.'

ಶುಶ್ರೂಷಾ ಶಿಕ್ಷಣ ಮತ್ತು ಅದರ ನಿರ್ವಹಣೆ;
ಶೀರ್ಷಿಕೆಯೇ ಮೂರು ಸಾಲು ಓಡುತ್ತದೆ.
ಕಲಿಯಲು ಬಂದ ಹುಡುಗಿಯರಿಗೆ ವಾರ್ಡಿನ ಸಿಸ್ಟರು
ಎಷ್ಟು ಹೊತ್ತು ಕಲಿಸುತ್ತಾರೆ, ಕಲಿಸದಿದ್ದರೆ ಯಾಕೆ,
ಒಬ್ಬೊಬ್ಬರ ಪಾಲಿಗೆ ಎಷ್ಟು ಹಾಸಿಗೆ.
ಹನ್ನೊಂದು ವರ್ಷ ನಾನೂ ಬಿಳಿ ಬೂಟು ಸವೆಸಿದವಳು,
ಈಗ ಚಪ್ಪಲಿಯಲ್ಲಿ ಬಂದು ಕೇಳುತ್ತಿದ್ದೇನೆ.

ಫೀಮೇಲ್ ಮೆಡಿಕಲ್, ಎರಡನೇ ಮಹಡಿ.
ಐವತ್ತೆರಡು ಮಂಚ, ಅರವತ್ತೊಂದು ಜನ,
ಇಬ್ಬರು ಸಿಸ್ಟರು, ಅದರಲ್ಲೊಬ್ಬಳು ಊಟಕ್ಕೆ ಹೋಗಿದ್ದಾಳೆ.
ಜೆಸಿಂತಾ ಸಿಸ್ಟರ್ ನನ್ನ ಹಾಳೆಯನ್ನು
ಇಂಜೆಕ್ಷನ್ ಟ್ರೇ ಮೇಲಿಟ್ಟು ನಿಂತೇ ತುಂಬಿದರು.
ಹದಿನೇಳನೇ ಪ್ರಶ್ನೆ:
ಹಾಸಿಗೆಯ ಪಕ್ಕ ನಿಂತು ವಿದ್ಯಾರ್ಥಿನಿಯರಿಗೆ
ವಾರಕ್ಕೆ ಎಷ್ಟು ಗಂಟೆ ಕಲಿಸುತ್ತೀರಿ?
ಒಂದು ಸೊನ್ನೆ. ಗುಂಡಗೆ, ಬಾಯಿ ಮುಚ್ಚಿದ ಸೊನ್ನೆ.
'ಟೈಮೆಲ್ಲಿದೆ ಮೇಡಂ? ಹಂಗೇ ಇರ್ಲಿ,
ನೋಡ್ಲಿ ಮೇಲಿನೋರು.'

ಚೀಲ ಹೆಗಲಿಗೇರಿಸಿ ಲಿಫ್ಟಿಗೆ ಕಾದೆ.
ಅದು ಬರಲಿಲ್ಲ. ಅದು ಬರುವುದೇ ಇಲ್ಲ.

ಒಂಬತ್ತನೇ ಹಾಸಿಗೆಯ ಅಜ್ಜಿಗೆ ಮಗ್ಗುಲು ಬದಲಿಸಬೇಕಿತ್ತು.
ಜೆಸಿಂತಾ ಯಾರನ್ನೂ ಕರೆಯಲಿಲ್ಲ.
ಕೊಪ್ಪಳದ ಕಡೆಯ ಹುಲಿಗೆಮ್ಮ, ಮೊದಲ ವರ್ಷ,
ಯೂನಿಫಾರ್ಮಿನ ಮಡಿಕೆ ಇನ್ನೂ ಅಂಗಡಿಯದೇ,
ತಾನಾಗಿ ಮಂಚದ ಆಚೆ ಬದಿಗೆ ಹೋಗಿ ನಿಂತಳು.
ಸಿಸ್ಟರ್ ಅಂಗೈ ಉಜ್ಜಿ ಬಿಸಿ ಮಾಡಿಕೊಂಡರು.
ಅರೆಕ್ಷಣ ತಡವಾಗಿ ಇವಳೂ ಉಜ್ಜಿಕೊಂಡಳು.
ಅವರ ಕೈ ಭುಜಕ್ಕೆ, ಇವಳದು ಸೊಂಟಕ್ಕೆ.
'ಅಜ್ಜೀ, ತಿರುಗಿಸ್ತೀವಿ, ಹೆದರ್ಬೇಡಿ.'
ಹುಡುಗಿಯ ತುಟಿಯೂ ಅದನ್ನೇ ಆಡಿತು, ಸದ್ದಿಲ್ಲದೆ.
ಬೆನ್ನ ಕೆಳಗೊಂದು ಕೆಂಪು ಕಲೆ.
ಸಿಸ್ಟರ್ ಅದರ ಮೇಲೆ ಬೆರಳೊತ್ತಿ, ತೆಗೆದರು.
ಕೆಂಪು ಬಿಳುಪಾಗಲಿಲ್ಲ.
ಹುಡುಗಿಯ ಮುಖ ನೋಡಿದರು. ಅಷ್ಟೇ.
ಅವಳು ದಿಂಬು ತರಲು ಓಡಿದಳು.

ನನ್ನ ವಾಚಿನಲ್ಲಿ ನಲವತ್ತು ಸೆಕೆಂಡು.

'ಇದನ್ನ ಯಾವ ಕಾಲಮ್ಮಿಗೆ ಹಾಕ್ತೀಯ?' ಎಂದರು
ಗೈಡ್ ವಿಶಾಲಾಕ್ಷಮ್ಮನವರು, ಟೀ ಆರಲು ಬಿಟ್ಟು.
'ಆಕೆ ಸೊನ್ನೆ ಅಂದಿದಾಳೆ.
ನೀನು ಕಂಡೆ ಅಂತ ಸೊನ್ನೆ ಹೊಟ್ಟೆ ಕುಯ್ಯೋಕಾಗಲ್ಲ.'

ಜಯನಗರದ ಬಾಡಿಗೆ ಕೋಣೆ, ರಾತ್ರಿ.
ಒಂದೊಂದೇ ಹಾಳೆ ಕಂಪ್ಯೂಟರಿಗೆ:
ಸೊನ್ನೆ, ಸೊನ್ನೆ, ಎರಡು, ಸೊನ್ನೆ.
ಕಿಟಕಿಯೆದುರು ಕೊನೆಯ ಮೆಟ್ರೋ
ಖಾಲಿ ಸೀಟುಗಳಿಗೆಲ್ಲ ದೀಪ ಹಚ್ಚಿಕೊಂಡು ಹೋಯಿತು.
ಆ ನಲವತ್ತು ಸೆಕೆಂಡು ತೋರಿಸಿದೆನೋ,
ಮೇಲಿನೋರು ಅಂದಾರು: ನಡೀತಿದೆಯಲ್ಲ,
ಇನ್ನೊಬ್ಬ ಸಿಸ್ಟರ್ ಯಾಕೆ?
ತೋರಿಸದಿದ್ದರೆ, ಜೆಸಿಂತಾ ಏನೂ ಕಲಿಸದವರು;
ರಟ್ಟಿನ ಬೈಂಡು, ಮೇಲೆ ಬಂಗಾರದ ಅಕ್ಷರ.

ಐದನೇ ಅಧ್ಯಾಯದ ಕೊನೆಗೆ 'ಮಿತಿಗಳು'.
ಸಮಯದ ಅಭಾವ, ಮಾದರಿ ಚಿಕ್ಕದು,
ಎಲ್ಲರೂ ಬರೆಯುವುದನ್ನೇ ಬರೆದು
ಕೆಳಗೊಂದು ಸಾಲು ಸೇರಿಸಿದೆ:
ಈ ಅಧ್ಯಯನ ಬಾಯಿಗಳನ್ನು ಕೇಳಿತು,
ಕೈಗಳನ್ನು ಕೇಳಲಿಲ್ಲ.
ಮೇಡಂ ಅದರಡಿ ಪೆನ್ಸಿಲ್ ಗೆರೆ ಎಳೆದರು,
ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ.
ಹೊಡೆದು ಹಾಕಲಿಲ್ಲ.

ಏಳಲು ಹೋದಾಗ ಅವರ ಮೊಣಕಾಲು ಹಿಡಿದುಕೊಂಡಿತು.
ನಾನು ಮೇಜು ಬಳಸಿ ಹೋಗಿ, ತೋಳು ಹಿಡಿಯುವ ಮುನ್ನ,
ಅಂಗೈ ಉಜ್ಜಿಕೊಂಡೆ.
ಕನ್ನಡಕದ ಮೇಲಿಂದ ನೋಡಿ ಅವರು ಕೇಳಿದರು:
'ಅದನ್ನ ನಿನಗೆ ಯಾರು ಹೇಳಿಕೊಟ್ರು?'

ಯಾರೂ ಇಲ್ಲ,
ಅನ್ನಲು ಹೊರಟಿದ್ದೆ.